ಎರಡೂ ಸೇರಿದ ಕೋರ್ಸು

ಅವಳನ್ನು ಮನೆಯಲ್ಲಿ ಪುಟ್ಟಿ ಅಂತಲೇ ಕರೆಯುತ್ತಿದ್ದರು. ಅಮ್ಮ ಪ್ರೌಢಶಾಲೆಯಲ್ಲಿ ಗಣಿತದ ಟೀಚರು. ಮಗಳಿಗೆ ರಸಾಯನಶಾಸ್ತ್ರ ಅಂದರೆ ಪ್ರಾಣ. ಕಾಲೇಜು ಸೇರುವ ಹೊತ್ತಿಗೆ ವಿಶ್ವವಿದ್ಯಾಲಯದ ಒಂದು ಕೋರ್ಸು ಅಮ್ಮನ ಕಣ್ಣಿಗೆ ಬಿತ್ತು. ವಿಜ್ಞಾನದ ಪದವಿ, ಶಿಕ್ಷಕರ ತರಬೇತಿ ಎರಡೂ ಅದರಲ್ಲೇ. ಮುಗಿಸಿದರೆ ಪಾಠ ಮಾಡುವ ಲೈಸೆನ್ಸು.

"ಬೇರೆ ಬೇರೆ ಓದೋ ಗೋಳೇ ಇಲ್ಲ," ಅಂದರು ಅಮ್ಮ. ಪುಟ್ಟಿ ಹೂಂ ಅಂದಳು.

ಮೊದಮೊದಲು ಹಾಯಾಗಿತ್ತು. ದಿನದ ಬಹುಪಾಲು ಪ್ರಯೋಗಾಲಯದಲ್ಲೇ ಕಳೆಯುತ್ತಿತ್ತು. ಕೋಟಿನ ತೋಳಿಗೆ ಆಮ್ಲ ಬಿದ್ದು ತೂತಾದರೂ ಅದೊಂದು ಹೆಮ್ಮೆ. ಮೂರನೇ ವರ್ಷ ಅಭ್ಯಾಸ ಪಾಠಕ್ಕೆಂದು ಒಂದು ಶಾಲೆಗೆ ಕಳಿಸಿದರು.

ಆಮ್ಲ, ಕ್ಷಾರದ ಪಾಠ. ಅಲ್ಲಿನ ವಿಜ್ಞಾನದ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕೂತಿದ್ದರು. ಪುಟ್ಟಿ ಹಲಗೆಯ ಮೇಲೆ ಪಾಠದ ಹೆಸರು ಬರೆದು ತಿರುಗಿದಳು. ಅಷ್ಟೂ ಮುಖಗಳು ಅವಳನ್ನೇ ನೋಡುತ್ತಿದ್ದವು. ಬಾಯಿ ತೆರೆದಳು. ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲ ವಿಷಯ ನಾಲಿಗೆಗೆ ಬರಲೊಲ್ಲದು.

"ಮಿಸ್, ನೀರು ಬೇಕಾ?" ಅಂದಳು ಮುಂದಿನ ಬೆಂಚಿನ ಹುಡುಗಿ. ಕ್ಲಾಸೆಲ್ಲ ಗೊಳ್ಳೆಂದಿತು. ಮೇಷ್ಟ್ರೇ ಎದ್ದು ಬಂದು ಪಾಠ ಮುಗಿಸಿದರು.

"ಎಲ್ಲರಿಗೂ ಮೊದಲು ಹೀಗೇ ಆಗೋದು," ಅಂದರು ಆಮೇಲೆ. ಆದರೆ ಮರುವಾರವೂ ಹಾಗೇ ಆಯಿತು, ಅದರ ಮರುವಾರವೂ.

ಪುಟ್ಟಿ ಕೋರ್ಸಿನ ಮುಖ್ಯಸ್ಥೆಯ ಹತ್ತಿರ ಹೋದಳು. "ಮೇಡಂ, ಬರೀ ವಿಜ್ಞಾನದ ಪದವಿ ತಗೊಂಡು ಹೊರಗೆ ಹೋಗಬಹುದಾ?"

"ಅರ್ಧಕ್ಕೆ ಬಿಟ್ಟರೆ ಯಾವ ಪದವಿಯೂ ಇಲ್ಲಮ್ಮ. ಬರೀ ವಿಜ್ಞಾನದವರು ಓದೋ ಎಷ್ಟೋ ವಿಷಯಗಳ ಬದಲು ನೀವು ಬೋಧನೆ ಓದಿದೀರಿ. ಅಲ್ಲಿಗೆ ಹೋದರೆ ಮತ್ತೆ ಮೊದಲಿಂದ." ಮೇಡಂ ಕನ್ನಡಕ ತೆಗೆದರು. "ಇನ್ನೊಂದೇ ವರ್ಷ. ಹಲ್ಲು ಕಚ್ಚಿಕೊಂಡು ಮುಗಿಸಿಬಿಡಿ."

ಸಂಜೆ ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದರು. ಪುಟ್ಟಿ ಎಲ್ಲ ಹೇಳಿದಳು. ಬೈಸಿಕೊಳ್ಳಲು ತಯಾರಾಗಿಯೇ ನಿಂತಿದ್ದಳು. ಅಮ್ಮ ಕೆಂಪು ಪೆನ್ನು ಕೆಳಗಿಟ್ಟರು.

"ನಂಗೂ ಹಾಗೇ ಕಣೆ. ಬೆಳಿಗ್ಗೆ ಶಾಲೆಗೆ ಹೊರಟರೆ ಗೇಟಿನಿಂದಲೇ ವಾಪಸ್ ಬಂದುಬಿಡೋಣ ಅನ್ಸುತ್ತೆ."

"ಈಗಲೂನಾ?"

"ಈಗಲೂ. ರಜೆ ಮುಗಿದ ದಿನ ಅಂತೂ ಕೇಳಲೇಬೇಡ. ಅಭ್ಯಾಸ ಆಗ್ಬಿಡುತ್ತೆ, ನೀನೂ ನಿಭಾಯಿಸ್ತೀಯ."

"ಮತ್ತೆ ನನ್ನನ್ಯಾಕಮ್ಮ ಇದಕ್ಕೇ ಸೇರಿಸಿದೆ?"

ಅಮ್ಮ ತಿದ್ದಿದ ಪತ್ರಿಕೆಗಳನ್ನು ಒಂದು ಬದಿಗೆ ಜೋಡಿಸಿದರು. "ನಂಗೆ ಗೊತ್ತಿದ್ದ ದಾರಿ ಇದೊಂದೇ," ಅಂದು ಮತ್ತೆ ಪೆನ್ನು ತೆಗೆದುಕೊಂಡರು.

ಅಭ್ಯಾಸ ಆಗುತ್ತೆ ಅಂತ ಅಮ್ಮ ಅಂದದ್ದು ಸಮಾಧಾನಕ್ಕೆಂದೇ. ಪುಟ್ಟಿಗೆ ಮಾತ್ರ ನಿವೃತ್ತಿಯಾಗುವ ತನಕದ ಬೆಳಗುಗಳೆಲ್ಲ ಸಾಲುಗಟ್ಟಿ ಎದುರು ಬಂದಂತಾಯಿತು. ಊಟ ಸೇರಲಿಲ್ಲ.

ಕೊನೆಯ ವರ್ಷ ಒಂದು ದಿನ ಮೇಷ್ಟ್ರು ಅವಳನ್ನು ಶಾಲೆಯ ಪ್ರಯೋಗಾಲಯದಲ್ಲಿ ಬಿಟ್ಟು ಎಲ್ಲಿಗೋ ಹೋದರು. ಮೇಜಿನ ಸುತ್ತ ಮಕ್ಕಳು ತಲೆಗೆ ತಲೆ ತಾಗಿಸಿ ಲಿಟ್ಮಸ್ ಕಾಗದ ಅದ್ದುತ್ತಿದ್ದರು. ಒಬ್ಬ ಏನೋ ಕೇಳಿದ. ಅವಳು ಬಗ್ಗಿ ಹೇಳಿದಳು. ಇನ್ನೊಬ್ಬಳು ಕೇಳಿದಳು. ಗಂಟೆ ಹೊಡೆದಾಗಲೇ ತಾನು ಅಷ್ಟು ಹೊತ್ತೂ ಮಾತಾಡುತ್ತಿದ್ದೆ ಅನ್ನುವುದು ಅವಳಿಗೆ ಹೊಳೆದದ್ದು.

ಪರೀಕ್ಷೆಯ ಪಾಠವನ್ನು ಪ್ರಯೋಗಾಲಯದಲ್ಲೇ ಮಾಡುತ್ತೇನೆ ಅಂತ ಕೇಳಿಕೊಂಡಳು. ಹೊರಗಿನಿಂದ ಬಂದ ಪರೀಕ್ಷಕರು ಒಪ್ಪಲಿಲ್ಲ. ಪಾಠ ತರಗತಿಯಲ್ಲೇ ಆಗಬೇಕು. ಪುಟ್ಟಿ ಸಾಮಾನುಗಳನ್ನು ಬೆಂಚುಗಳಿಗೆ ಹಂಚಿ, ಒಂದೊಂದೇ ಬೆಂಚಿನ ಹತ್ತಿರ ಬಗ್ಗಿ ಪಾಠ ಮಾಡಿದಳು. ತಲೆ ಎತ್ತಲೇ ಇಲ್ಲ.

"ವಿಷಯ ಚೆನ್ನಾಗಿ ಗೊತ್ತು ನಿಮಗೆ. ಆದರೆ ಹಲಗೆ ಹತ್ತಿರ ನಿಲ್ಲಲೇ ಇಲ್ಲವಲ್ಲಮ್ಮ," ಅಂದರು ಅವರು. ಅಂತೂ ಪಾಸಾದಳು. ಲೈಸೆನ್ಸು ಬಂದ ದಿನ ಅಮ್ಮ ಫೋನು ಕೆಳಗಿಡಲಿಲ್ಲ.

ಕೆಲಸ ಸಿಕ್ಕ ಶಾಲೆಯಲ್ಲಿ ಪ್ರಯೋಗಾಲಯದ ತುಂಬ ಮುರಿದ ಕುರ್ಚಿಗಳಿದ್ದವು. "ಮುಂದಿನ ವರ್ಷ ಖಾಲಿ ಮಾಡಿಸೋಣ," ಅಂದರು ಮುಖ್ಯೋಪಾಧ್ಯಾಯರು, ಆ ಮಾತನ್ನು ಹಿಂದೆಯೂ ಯಾರಿಗೋ ಹೇಳಿದವರಂತೆ. ತರಗತಿಯಲ್ಲಿ ಬೆಂಚುಗಳು ಗೋಡೆಯಿಂದ ಗೋಡೆಗೆ ಅಂಟಿಕೊಂಡಿದ್ದವು. ನಡುವೆ ಕಾಲಿಡಲೂ ಜಾಗವಿಲ್ಲ. ನಿಲ್ಲುವುದಕ್ಕಿದ್ದದ್ದು ಹಲಗೆಯ ಮುಂದಷ್ಟೇ.

ಮಕ್ಕಳು ಎದ್ದು ನಿಂತರು.

"ಕೂತ್ಕೊಳ್ಳಿ," ಅಂದಳು ಪುಟ್ಟಿ. ಹಿಂದಿನವರಿಗೆ ಕೇಳಿಸಲಿಲ್ಲ, ನಿಂತೇ ಇದ್ದರು. ಅವಳು ಮೇಜಿನ ಅಂಚು ಹಿಡಿದುಕೊಂಡು ಇನ್ನೊಮ್ಮೆ ಹೇಳಿದಳು.