ಭಾನುವಾರದ ಪರೀಕ್ಷೆ

"ಆ ಪ್ಲಗ್ ಕೀಳ್ಬೇಡಪ್ಪಾ!"

ಬೆಳಗಿನಿಂದ ಒಂದು ಮಾತೂ ಆಡದೆ ಗೋಡೆಗೊರಗಿ ಕೂತಿದ್ದ ಗೋದಮ್ಮ ಹೀಗೆ ಕೂಗಿಕೊಂಡು ಎದ್ದದ್ದನ್ನು ಕಂಡು ನಡುಮನೆಯಲ್ಲಿದ್ದವರೆಲ್ಲ ಬೆಚ್ಚಿದರು. ಫ್ರೀಜರ್ ಬಾಕ್ಸ್ ತಂದವನು ವೈರು ಹಿಡಿದುಕೊಂಡೇ ನಿಂತ. ಗೋದಮ್ಮನ ಗಂಡ ಚಕ್ರಪಾಣಿಯವರ ದೇಹವನ್ನು, ಅವರ ತಮ್ಮ ಶಿವಮೊಗ್ಗದಿಂದ ಬರುವವರೆಗೆ, ಅದರಲ್ಲಿಡಬೇಕಿತ್ತು. ಚಾಮರಾಜಪೇಟೆಯ ಆ ಹಳೇ ಮನೆಯಲ್ಲಿ ಅಷ್ಟು ಕರೆಂಟು ತಡೆಯುವ ಪ್ಲಗ್ ಇದ್ದದ್ದು ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ. ಅಲ್ಲಿ ಮೂರು ಕಂಪ್ಯೂಟರುಗಳು, ಯಜಮಾನರು ಹೋದ ಸುದ್ದಿ ತಮಗಿನ್ನೂ ಮುಟ್ಟಿಲ್ಲವೆಂಬಂತೆ ಗುಂಯ್‌ಗುಡುತ್ತಿದ್ದವು.

"ಹಾಗೆಲ್ಲ ದಢಕ್ ಅಂತ ಆರಿಸ್ಬಾರ್ದು," ಎಂದ ಗೋದಮ್ಮ ಕೋಣೆಗೆ ಹೋಗಿ ಮೂರನ್ನೂ ಅದರದರ ಕ್ರಮದಲ್ಲೇ ಆರಿಸಿದರು. ವಿಂಡೋಸಿಗೆ ಮೌಸ್ ಒತ್ತಿದರು, ಮ್ಯಾಕಿಗೆ ಮೇಲಿನ ಮೂಲೆ ಹುಡುಕಿದರು, ಲಿನಕ್ಸಿಗೆ ನೆಟ್ಟಗೆ ಕೀಲಿಮಣೆಯಲ್ಲೇ ಅಪ್ಪಣೆ ಟೈಪು ಮಾಡಿದರು.

ಗಂಡನ ಅಕ್ಕ ಅಲಮೇಲಮ್ಮ ಬಾಗಿಲಲ್ಲಿ ನಿಂತಿದ್ದರು. "ಗೋದಾ, ಇವತ್ತು ಇದೆಲ್ಲ ನೀನೇ ಮಾಡ್ಬೇಕಾ? ನೋಡಿದೋರು ಏನಂದ್ಕೋತಾರೆ?"

"ಮಾಡ್ದೇ ಇದ್ರೆ ಅವರು ಬೈತಿದ್ರು ಅಕ್ಕ."

ಅಷ್ಟು ಹೇಳಿ ಬಂದು ಮತ್ತೆ ಗೋಡೆಗೊರಗಿದರು. ದುಃಖ ಇರಲಿಲ್ಲವೆಂದಲ್ಲ. ಆದರೆ ಅದರ ಕೆಳಗೆ ಹತ್ತು ವರ್ಷದ ಹಳೇ ಸಿಟ್ಟೊಂದು ಜಾಗ ಬಿಟ್ಟು ಕದಲದೆ ಕೂತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅವರನ್ನು ಹೊತ್ತುಕೊಂಡು ಹೋಗುತ್ತಾರೆ. ಆಮೇಲೆ ಆ ಮಾತನ್ನು ಯಾರ ಹತ್ತಿರ ಕೇಳುವುದು?

*

ವಿಮಾ ಕಚೇರಿಯ ಗುಮಾಸ್ತರಾಗಿದ್ದ ಚಕ್ರಪಾಣಿಯವರಿಗೆ ಕಂಪ್ಯೂಟರಿನ ಹುಚ್ಚು ಹಿಡಿದದ್ದು ತೊಂಬತ್ತಾರರಲ್ಲಿ, ತಲೆಗೂದಲು ನೆರೆಯಲು ಶುರುವಾದ ಮೇಲೆ. ಜೊತೆಗೆ ಸಿಕ್ಕವನು ವಿಶ್ವೇಶ್ವರಪುರಂನ ಮಧುಸೂದನ, ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದ್ದವನು. ಇಬ್ಬರೂ ಸೇರಿ ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಪುಟ್ಟ ತಂತ್ರಾಂಶವೊಂದನ್ನು ಬರೆದರು. ಬರೆದದ್ದನ್ನು ಏನೂ ಬಚ್ಚಿಡದೆ, ಯಾರು ಬೇಕಾದರೂ ತಗೊಳ್ಳಿ, ತಿದ್ದಿಕೊಳ್ಳಿ ಎಂದು ಇಂಟರ್ನೆಟ್ಟಿಗೆ ಬಿಟ್ಟರು.

ತಗೊಂಡವರಿಂದ ಬಂದದ್ದು ಬರೀ ದೂರು. ಆ ಬರಹವನ್ನು ತಮ್ಮ ಯಂತ್ರದಲ್ಲಿ ಓಡುವ ಹಾಗೆ ಕಟ್ಟಿಕೊಳ್ಳಲು ವಿಂಡೋಸಿಗೊಂದು ದಾರಿ, ಲಿನಕ್ಸಿಗೊಂದು, ಮ್ಯಾಕಿಗೆ ಇನ್ನೊಂದು. ಸೂಚನೆಗಳೇ ಪುಟಗಟ್ಟಲೆ. "ಒಂದೇ ಸಾಲು ಟೈಪ್ ಮಾಡಿದ್ರೆ ಮೂರರಲ್ಲೂ ತಾನೇ ಕಟ್ಕೋಬೇಕು, ಸರಿಯಾಗಿದ್ಯಾ ಅಂತ ತಾನೇ ಪರೀಕ್ಷೆ ಮಾಡ್ಕೋಬೇಕು," ಎಂದು ಚಕ್ರಪಾಣಿ ಹಟ ಹಿಡಿದರು. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಂದ ಹಳೇ ಯಂತ್ರಗಳು ಆಟೋ ಹತ್ತಿ ಬಂದವು.

ಪ್ರತಿ ಭಾನುವಾರ, ಹುಳಿಗೆ ಬೇಳೆ ಇಟ್ಟ ಮೇಲೆ, ಗೋದಮ್ಮನನ್ನು ಕರೆದು ಕೂರಿಸುತ್ತಿದ್ದರು. ಸೂಚನೆ ಓದಿಕೊಂಡು ಅದರಂತೆ ಮಾಡುವುದು ಅವರ ಕೆಲಸ. ಪಕ್ಕದಲ್ಲಿ ಕೂತ ಗಂಡ ತುಟಿ ಬಿಚ್ಚುತ್ತಿರಲಿಲ್ಲ. ಗೋದಮ್ಮ ಎಲ್ಲಿ ತಡವರಿಸುತ್ತಾರೋ ಆ ಸೂಚನೆಯನ್ನೇ ಸೋಮವಾರ ಕಿತ್ತುಹಾಕುತ್ತಿದ್ದರು. ಮೊದಮೊದಲು ಗೋದಮ್ಮನಿಗೂ ಖುಷಿಯೇ.

ಒಮ್ಮೆ ಇದೇ ಹುಚ್ಚಿನ ನಾಲ್ಕಾರು ಜನ ಮನೆಗೆ ಬಂದಿದ್ದಾಗ ಒಬ್ಬ ಕೇಳಿದ: "ಸಾರ್, ಪರೀಕ್ಷೆಗೆ ಮೇಡಂ ಯಾಕೆ?"

"ಇವಳಿಗೆ ಏನೂ ಗೊತ್ತಿಲ್ವಲ್ಲ, ಅದಕ್ಕೇ," ಎಂದು ಚಕ್ರಪಾಣಿ ನಕ್ಕರು. ಎಲ್ಲರೂ ನಕ್ಕರು.

ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವರು ಗೋದಮ್ಮ. ಒಳಗೆ ಹೋಗಿ ಸಕ್ಕರೆಯಿಲ್ಲದ ಕಾಫಿ ತಂದಿಟ್ಟರು; ಅಷ್ಟೂ ಜನ ಕಮಕ್ ಕಿಮಕ್ ಎನ್ನದೆ ಕುಡಿದರು. ಭಾನುವಾರ ಕೂರುವುದನ್ನು ಆಮೇಲೂ ಬಿಡಲಿಲ್ಲ. ಆದರೆ ಕೂತಾಗಲೆಲ್ಲ ಆ ನಗು ಕೇಳಿಸುತ್ತಿತ್ತು.

*

ಮಧುಸೂದನ ಬಂದು ಹಾರ ಹಾಕಿ ಕೈಮುಗಿದ. ಎಲ್ಲಿ ನಿಲ್ಲಬೇಕೋ ತೋಚದೆ ಕಂಪ್ಯೂಟರ್ ಕೋಣೆಗೆ ನಡೆದ. ಗೋದಮ್ಮ ಹಿಂದೆಯೇ ಹೋದರು.

"ಮಧು, ನಿಜ ಹೇಳು. ನಾನು ದಡ್ಡಿ ಅಂತ ತಾನೇ ಅವರು ನನ್ನ ಕೂರಿಸ್ತಿದ್ದಿದ್ದು?"

"ಆಂಟಿ, ಈಗ್ಯಾಕೆ ಅದೆಲ್ಲ..."

"ಈಗಲ್ದೆ ಇನ್ಯಾವಾಗ ಕೇಳ್ಲಿ? ಇನ್ನೇನು ಎತ್ಬಿಡ್ತಾರೆ."

ಅವನು ತಲೆ ತಗ್ಗಿಸಿದ. "ಮೊದಲನೇ ವರ್ಷ ಏನೂ ಗೊತ್ತಿಲ್ದೋರೇ ಬೇಕಿತ್ತು ಆಂಟಿ, ಸುಳ್ಳು ಹೇಳಲ್ಲ. ಆಮೇಲೆ ನಿಮಗೆಲ್ಲ ಬಂದ್ಬಿಡ್ತು. ಸೂಚನೆ ಓದೋಕೆ ಮುಂಚೇನೇ ನಿಮ್ಮ ಕೈ ಓಡ್ತಿತ್ತು. ಹೊಸಬರು ಎಲ್ಲಿ ಎಡವ್ತಾರೆ ಅಂತ ನಿಮ್ಮಿಂದ ತಿಳೀತಾನೇ ಇರ್ಲಿಲ್ಲ. ಅದಕ್ಕೆ ಸಾರ್ ಶನಿವಾರ ಶನಿವಾರ ನಮ್ಮನೆಗೆ ಬಂದು ನಮ್ಮಮ್ಮನ್ನ ಕೂರಿಸ್ಕೋತಿದ್ರು. ಅಮ್ಮನಿಗೂ ಬಂದ್ಮೇಲೆ ನಮ್ಮತ್ತೇನ. ಅಸಲಿ ಪರೀಕ್ಷೆ ಅಲ್ಲೇ ಮುಗೀತಿತ್ತು."

ಶನಿವಾರ ಸಂಜೆ ವಿಶ್ವೇಶ್ವರಪುರಂ ಕಡೆ ಹೋಗಿಬರ್ತೀನಿ ಎಂದು ಹೊರಟವರು ಕತ್ತಲಾದ ಮೇಲೆ ಹೋಳಿಗೆ ಕಟ್ಟಿಸಿಕೊಂಡು ಬರುತ್ತಿದ್ದುದು ಗೋದಮ್ಮನಿಗೆ ನೆನಪಾಯಿತು.

"ಹಾಗಾದ್ರೆ ಭಾನುವಾರ ನಾನು ಮಾಡಿದ್ದು ಯಾವ ಉಪಯೋಗಕ್ಕೆ?"

"ಯಾವ ಉಪಯೋಗಕ್ಕೂ ಇಲ್ಲ ಆಂಟಿ. ನಾನೂ ಒಂದ್ಸಲ ಕೇಳಿದ್ದೆ. 'ನೀನು ಸುಮ್ನಿರಯ್ಯ, ಬೇರೆ ಹೊತ್ತಲ್ಲಿ ಅವಳು ಅಡಿಗೆಮನೆ ಬಿಟ್ಟು ಬರೋದೇ ಇಲ್ಲ. ಅದೊಂದು ಗಂಟೆ ನನ್ನ ಪಕ್ಕ ಕೂತಿರ್ತಾಳೆ' ಅಂದ್ರು."

ಆ ಮಾತು ಒಳಗಿಳಿದ ಮೇಲೆ ಗೋದಮ್ಮನಿಗೆ ಕೆಂಡದಂಥ ಕೋಪ ಬಂತು.

"ಅದನ್ನ ನನ್ನ ಹತ್ರ ಹೇಳಿದ್ರೆ ಬಾಯಿಂದ ಮುತ್ತು ಉದುರಿಹೋಗ್ತಿತ್ತಾ? ಕೂತ್ಕೋ ಬಾ ಅಂದಿದ್ರೆ ಕೂರ್ತಿರ್ಲಿಲ್ವೇನೋ ನಾನು?" ಎಂದವರಿಗೆ ಆಗ ಅಳು ಬಂತು. ಬೆಳಗಿನಿಂದ ತಡೆದದ್ದೆಲ್ಲ ಬಂತು. ಮಧುಸೂದನನೂ ಅತ್ತ.

ಅಷ್ಟರಲ್ಲಿ ಶಿವಮೊಗ್ಗದ ಮೈದುನ ಬಂದಿಳಿದ. ಅಂಗಳದಲ್ಲಿ ಆಗಬೇಕಾದ ಕ್ರಿಯೆಗೆ ಎಲ್ಲ ಸಜ್ಜಾಗಿತ್ತು. ತಡ ಮಾಡಿದರೆ ಚಿತಾಗಾರದಲ್ಲಿ ಸರದಿ ತಪ್ಪುತ್ತದೆಂದು ಪುರೋಹಿತರು ಅವಸರಪಡಿಸಿದರು. ನಾಲ್ಕು ಜನ ಪೆಟ್ಟಿಗೆಯ ಗಾಜಿನ ಮುಚ್ಚಳಕ್ಕೆ ಕೈ ಹಾಕಿದಾಗ, ನೆಲದ ಮೇಲೆ ಕೂತಿದ್ದ ಹೆಂಗಸರ ನಡುವೆ ದಾರಿ ಮಾಡಿಕೊಂಡು ಗೋದಮ್ಮ ಒಂದು ಕುರ್ಚಿ ಎಳೆದು ತಂದರು. ಪೆಟ್ಟಿಗೆಯ ಪಕ್ಕ ಹಾಕಿ, ಸೆರಗು ಸರಿಮಾಡಿಕೊಂಡು ಕೂತರು.

"ಗೋದಾ, ಏನೇ ಇದು? ಸಾವಿನ ಮನೇಲಿ ಕುರ್ಚಿ ಹಾಕ್ಕೊಂಡು..." ಎಂದರು ಅಲಮೇಲಮ್ಮ.

"ಅವರ ಪಕ್ಕ ಕೂತಿದೀನಿ ಅಕ್ಕ."

ಪುರೋಹಿತರು ಗಡಿಯಾರ ನೋಡಿಕೊಂಡರು. ಹೊರಗೆ ವ್ಯಾನಿನವನು ಹಾರ್ನ್ ಒತ್ತಿದ. ಅಲಮೇಲಮ್ಮ ನಾದಿನಿಯ ಮುಖವನ್ನೊಮ್ಮೆ, ಪೆಟ್ಟಿಗೆಯಲ್ಲಿ ಮಲಗಿದ್ದ ತಮ್ಮನ ಮುಖವನ್ನೊಮ್ಮೆ ನೋಡಿ, ಆ ನಾಲ್ವರ ಕಡೆ ತಿರುಗಿದರು.

"ಸ್ವಲ್ಪ ತಾಳ್ರಪ್ಪಾ."

ನಾಲ್ವರೂ ಮುಚ್ಚಳದಿಂದ ಕೈ ತೆಗೆದು ಜಗಲಿಗೆ ಹೋಗಿ ಕೂತರು. ಗೋದಮ್ಮ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.