ದೋಣಿಯ ಇನ್ನೊಂದು ಎಂಜಿನ್ನು

ಮಾವನವರ ಹಳೆಯ ಕಾರು ತನ್ನ ಸ್ವಂತ ಬಲದಿಂದಲೇ ಶೆಡ್ಡಿನಿಂದ ಹೊರಗೆ ಬಂದ ದಿನ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಆಮೇಲೆ ಬೇರೆ ಕೆಲಸಗಳೂ ಕೈಗೂಡಿದವು. ಆದರೆ ಎದೆಯುಬ್ಬಿಸಿ ಹೇಳಿಕೊಳ್ಳಲು ಇವತ್ತಿಗೂ ಅದೊಂದೇ ಸಾಕು.

ಮಾವನವರು ತೀರಿಕೊಂಡ ಮೇಲೆ ಶೆಡ್ಡು ನನ್ನ ಹೆಂಡತಿಯ ತಮ್ಮನ ಪಾಲಿಗೆ ಬಂತು. ಅವನು ಅದನ್ನು ಒಬ್ಬ ಬಡಗಿಗೆ ಬಾಡಿಗೆಗೆ ಗೊತ್ತುಮಾಡಿ, ನಗುತ್ತಲೇ ಹೇಳಿದ:

"ಭಾವ, ತಿಂಗಳ ಕೊನೇಲಿ ಬಡಗಿ ಬರ್ತಾನೆ. ಅಷ್ಟರಲ್ಲಿ ಕಾರು ತಾನಾಗಿ ಹೊರಗೆ ಬಂದ್ರೆ ಅಕ್ಕಂದು. ತಳ್ಳಬೇಕಾಗಿ ಬಂದ್ರೆ ನೇರವಾಗಿ ಗುಜರಿ ಲಾರಿಗೇ ತಳ್ಳಿಬಿಡೋಣ."

ನನ್ನ ಹೆಂಡತಿ ಕಾರು ಓಡಿಸಲು ಕಲಿತದ್ದು ಅಪ್ಪನ ಪಕ್ಕ ಕುಳಿತು, ಅದರಲ್ಲೇ. ಮನೆಗೆ ಬಂದವಳೇ ನನ್ನ ಅಂಗಿಯೊಂದನ್ನು ಹರಿದು ಎಣ್ಣೆ ಒರೆಸುವ ಬಟ್ಟೆ ಮಾಡಿದಳು. ಕಾರನ್ನು ಗುಜರಿಗೆ ಬಿಡುವವಳಲ್ಲ ಎಂದು ಅಷ್ಟರಿಂದಲೇ ನನಗೆ ಅರ್ಥವಾಯಿತು.

ಎಂಜಿನ್ನು ಬಿಚ್ಚಿದಾಗ ಕ್ಯಾಮ್‌ಶಾಫ್ಟು ನಡುವೆ ಮುರಿದಿತ್ತು. ಎಂಜಿನ್ನು ಉಸಿರೆಳೆಯುವ, ಉಸಿರು ಬಿಡುವ ಬಾಗಿಲುಗಳನ್ನು ಸರದಿಯಂತೆ ತೆರೆದು ಮುಚ್ಚುವ ದಂಡ ಅದು. ಕಾರು ಮಾಡಿದ ಕಂಪನಿಯೇ ಮುಚ್ಚಿಹೋಗಿತ್ತು. ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿದೆ. "ನಮ್ಮಪ್ಪ ಗಲ್ಲಾದಲ್ಲಿ ಕೂತಿದ್ದಾಗ ಬರ್ಬೇಕಿತ್ತು ನೀವು" ಎಂದ ಒಬ್ಬ ಅಂಗಡಿಯವ. ಕೊನೆಗೆ ನಮ್ಮ ಗ್ಯಾರೇಜಿನ ಮೇಸ್ತ್ರಿಗೆ, ಇದೇ ಎಂಜಿನ್ನನ್ನು ಹಿಂದೆ ನದಿ ದಾಟಿಸುವ ದೋಣಿಗಳಿಗೂ ಹಾಕುತ್ತಿದ್ದರೆಂಬುದು ನೆನಪಾಯಿತು. ನದಿದಡದ ಒಬ್ಬ ದೋಣಿಯವನ ಕೊಟ್ಟಿಗೆಯಲ್ಲಿದ್ದ ಹಳೆಯ ಎಂಜಿನ್ನಿನಿಂದ ದಂಡ ತೆಗೆಸಿ ತಂದೆವು. ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆದರೂ ಕಾರು ಚಾಲೂ ಆಗಲಿಲ್ಲ. ಕಾರಿನ ಮುಂಭಾಗಕ್ಕೆ ಸಿಕ್ಕಿಸಿದ ಹ್ಯಾಂಡಲ್ ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಯಿತು. ತಿಂಗಳು ಮುಗಿಯುತ್ತ ಬಂದಿತ್ತು. ಹೆಂಡತಿಯ ತಮ್ಮ ಇಣುಕಿ, "ಭಾವ, ಲಾರಿಗೆ ಹೇಳ್ಲಾ?" ಎಂದು ಕೆಣಕಿ ಹೋದ.

ನಾನು ಮತ್ತೆ ಹ್ಯಾಂಡಲ್ ತಿರುಗಿಸುವಾಗ ನನ್ನ ಹೆಂಡತಿ ಕಾರಿನ ಹಿಂದೆ ಕುಳಿತು ಹೊಗೆ ಕೊಳವೆಯನ್ನು ಒರೆಸುತ್ತಿದ್ದಳು.

"ರೀ, ಇದು ಬಟ್ಟೆ ಎಳ್ಕೋತಿದೆ!"

"ಹೊಗೆ ಕೊಳವೆ ಊದುತ್ತೆ ಕಣೇ, ಎಳ್ಕೊಳ್ಳಲ್ಲ."

"ಹಾಗಾದ್ರೆ ನೀವೇ ಬಂದು ಬಿಡಿಸ್ಕೊಳ್ಳಿ. ನಿಮ್ಮ ಅಂಗಿನೇ ಅಲ್ವಾ?"

ನನ್ನ ಬದಲು ಮೇಸ್ತ್ರಿ ಹ್ಯಾಂಡಲ್ ತಿರುಗಿಸಿದ. ನಾನು ಹೋಗಿ ನೋಡಿದೆ. ನನ್ನ ಅಂಗಿಯ ತೋಳು ಕೊಳವೆಯ ಬಾಯಿಗೆ ಅಂಟಿಕೊಂಡಿತ್ತು. ಎಂಜಿನ್ನು ಉಸಿರು ಬಿಡಬೇಕಾದ ಕಡೆಯಿಂದ ಉಸಿರೆಳೆಯುತ್ತಿತ್ತು! ಆಗ ದೋಣಿಯವನ ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ, ನೀರನ್ನು ತಳ್ಳಿ ದೋಣಿ ನಡೆಸುವ ಎರಡು ಪಂಖಗಳು ನನ್ನ ಕಣ್ಣಮುಂದೆ ಬಂದವು. ಅವುಗಳ ಎಲೆಗಳು, ಎದುರುಬದುರು ಹಿಡಿದ ಎರಡು ಅಂಗೈಗಳಂತೆ, ಒಂದಕ್ಕೊಂದು ವಿರುದ್ಧವಾಗಿ ತಿರುಚಿದ್ದವು. ದೋಣಿ ಒಂದು ಪಕ್ಕಕ್ಕೆ ಎಳೆಯದಿರಲೆಂದು ಅದರ ಎರಡು ಎಂಜಿನ್ನುಗಳು ಎದುರು ದಿಕ್ಕಿಗೆ ತಿರುಗುತ್ತಿದ್ದವು. ನಾವು ತಂದದ್ದು ಉಲ್ಟಾ ತಿರುಗುವುದರ ದಂಡ; ಅದಕ್ಕೇ ಬಾಗಿಲುಗಳ ಸರದಿ ತಿರುಗುಮುರುಗಾಗಿತ್ತು. ನಮಗೆ ಬೇಕಾದದ್ದು ಅದರ ಜೋಡಿಯಲ್ಲಿತ್ತು.

ನದಿಗೆ ಓಡಿದೆವು. "ಜೋಡಿ ಎಂಜಿನ್ನಾ? ಅಗೋ, ಹಗ್ಗ ಕಟ್ಟಿದೀನಲ್ಲ, ಅದೇ" ಎಂದು ದೋಣಿಯವ ದಡ ತೋರಿಸಿದ. ಅದು ಮುಕ್ಕಾಲು ಪಾಲು ಮರಳಿನಲ್ಲಿ ಹೂತಿತ್ತು. "ತಗೊಂಡು ಹೋಗಿ. ಆದ್ರೆ ನನ್ನ ದೋಣಿ ಯಾವುದಕ್ಕೆ ಕಟ್ಲಿ?"

ಅಗೆದಷ್ಟೂ ಗುಂಡಿಗೆ ಮರಳು ಜರಿಯುತ್ತಿತ್ತು, ನೀರು ಜಿನುಗುತ್ತಿತ್ತು. ಎಂಜಿನ್ನನ್ನು ಮೇಲೆತ್ತಿ, ಅದೇ ಗುಂಡಿಯಲ್ಲಿ ಮರದ ಗೂಟ ನೆಟ್ಟು, ದೋಣಿ ಕಟ್ಟಿಕೊಟ್ಟ ಮೇಲೆಯೇ ಅವನು ನಮ್ಮನ್ನು ಬಿಟ್ಟದ್ದು. ಒಳಗೆ, ಗಟ್ಟಿಯಾಗಿ ಹೆಪ್ಪುಗಟ್ಟಿದ ಎಣ್ಣೆಯ ನಡುವೆ, ದಂಡಕ್ಕೆ ತುಕ್ಕಿನ ಚುಕ್ಕೆಯೂ ತಾಗಿರಲಿಲ್ಲ.

ಅದನ್ನು ಕಾರಿಗೆ ಕೂರಿಸಿ ಮುಗಿಸುವಷ್ಟರಲ್ಲಿ ಬಡಗಿಯ ಗಾಡಿ ಗೇಟಿನ ಪಕ್ಕ ಬಂದು ನಿಂತಿತ್ತು. ನನ್ನ ಹೆಂಡತಿ ಅಪ್ಪನ ಸೀಟಿನಲ್ಲಿ ಕುಳಿತಳು. ನಾನು ಹ್ಯಾಂಡಲ್ ತಿರುಗಿಸಿದೆ. ಕಾರು ಒಮ್ಮೆ ಕೆಮ್ಮಿತು, ಮೈ ಕೊಡವಿತು, ಹೊರಟೇಬಿಟ್ಟಿತು. ಗೇಟು ತೆರೆದವನು ಅವಳ ತಮ್ಮನೇ. "ಅಕ್ಕ, ಗೋಡೆ ಉಳಿಸು!" ಎಂದು ಕೂಗಿದ.

ಈಗ ಆ ಸೀಟಿನಲ್ಲಿ ಮೊಮ್ಮಗಳು ಕೂರುತ್ತಾಳೆ. ಇವತ್ತು ದಾರಿಯುದ್ದಕ್ಕೂ ನನ್ನಿಂದ ಈ ಕತೆ ಕೇಳುತ್ತ ಬಂದು ಕಾರನ್ನು ಮನೆಮುಂದೆ ನಿಲ್ಲಿಸಿದಳು; ಎಂಜಿನ್ನು ಮಾತ್ರ ಆರಿಸಲಿಲ್ಲ. ಹಿಂದಿನ ಸೀಟಿನಿಂದ ಅವಳ ಅಜ್ಜಿ, "ಬಟ್ಟೆ ನೋಡಿದ್ದು ನಾನು, ಹೆಸರು ಇವರಿಗೆ" ಎಂದು ಗೊಣಗಿದಳು.

ಮೊಮ್ಮಗಳು ನನ್ನತ್ತ ತಿರುಗಿದಳು. "ತಾತ, ನಿಮ್ಮ ಅಂಗಿ ಅಂಟ್ಕೊಂಡಿತ್ತಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳಿ."