ಎರಡು ಸಲ ತಟ್ಟಿದರೆ

"ಲೆನ್, ಈಗ್ಲೇ ಒಂದು ಮಾತು ಹೇಳಿರ್ತೀನಿ," ಎಂದು ಶವಪೆಟ್ಟಿಗೆಯ ಆಚೆ ಬದಿಯಿಂದ ಸ್ಟ್ಯಾನ್ ಪಿಸುಗುಟ್ಟಿದ. "ಇವ್ನೇನಾದ್ರೂ ಒಳಗಿಂದ ಸೀನಿದ್ರೆ ನಾನು ಇಲ್ಲೇ ಬಿಟ್ಟು ಓಡ್ತೀನಿ. ಆಮೇಲೆ ಬೈಬೇಡ."

ಆರು ಮಂದಿ ಮೀನುಗಾರರು ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಬಂದರಿನಿಂದ ಚರ್ಚಿನ ದಿಬ್ಬ ಏರುತ್ತಿದ್ದರು. ಮುಂದೆ ಎಡಗಡೆ ಲೆನ್ ಕ್ಯಾಪಲ್‌ಮನ್, ಬಲಗಡೆ ಅವನ ದೋಣಿಯ ಜೊತೆಗಾರ ಸ್ಟ್ಯಾನ್. ಪೆಟ್ಟಿಗೆಯೊಳಗಿದ್ದವನು ಲೆನ್‌ನ ಒಬ್ಬನೇ ಮಗ ರೂಬೆನ್. ಸ್ಟ್ಯಾನ್‌ನ ಮಾತು ಕಿವಿಗೆ ಬಿದ್ದದ್ದೇ ಲೆನ್‌ಗೆ ನಗು ಒತ್ತರಿಸಿಕೊಂಡು ಬಂತು. ಅದು ಹಿಂದಿನ ನಾಲ್ವರಿಗೂ ಅಂಟಿತು. ಕೆಳಗಿನಿಂದ ಬರುತ್ತಿದ್ದ ಹೆಂಗಸರು ಹೆಗಲುಗಳು ಕುಲುಕುವುದನ್ನು ನೋಡಿ, ಅಯ್ಯೋ ಪಾಪ, ಗಂಡಸರೇ ಹೀಗೆ ಅಳುತ್ತಿದ್ದಾರಲ್ಲ ಎಂದು ಕರವಸ್ತ್ರ ತೆಗೆದರು.

ಸೀನಿದ ಕತೆ ಊರಿಗೆಲ್ಲ ಗೊತ್ತಿತ್ತು. ಯಾವುದೋ ಜಮೀನ್ದಾರನ ಅಂತ್ಯಕ್ರಿಯೆಯ ಚಿತ್ರೀಕರಣದಲ್ಲಿ ಪೆಟ್ಟಿಗೆಯೊಳಗೆ ಹೂವಿನ ಧೂಳಿಗೆ ಮೂಗು ಕೆರಳಿ ರೂಬೆನ್ ಸೀನಿದ್ದ. ಪಾದ್ರಿಯ ವೇಷ ಹಾಕಿದ್ದ ದೊಡ್ಡ ನಟ ಬೆಚ್ಚಿಬಿದ್ದು ಗುಂಡಿಯೊಳಗೆ ಉರುಳಿದ್ದ. ರೂಬೆನ್ ಸಿನಿಮಾ ನಟ. ಆದರೆ ಅವನಿಗೆ ಸಿಗುತ್ತಿದ್ದದ್ದೆಲ್ಲ ಹೆಣದ ಪಾತ್ರ. ಶವಾಗಾರದ ಮೇಜಿನ ಮೇಲೆ, ಕಂದಕದ ಕೆಸರಿನಲ್ಲಿ, ಶ್ರೀಮಂತರ ಮನೆಯ ಮೆಟ್ಟಿಲ ಬುಡದಲ್ಲಿ ಅವನು ಸತ್ತು ಬಿದ್ದಿರುತ್ತಿದ್ದ. ಉಸಿರು ಬಿಗಿಹಿಡಿದು ರೆಪ್ಪೆ ಕದಲಿಸದೆ ಮಲಗುವುದರಲ್ಲಿ ಅವನಂಥವರು ಇಂಗ್ಲೆಂಡಿನಲ್ಲೇ ಇಲ್ಲವಂತೆ. ಹೀಗೆಂದು ಊರವರು ಸ್ಕಾರ್‌ಬರೋದ ಸಂತೆಯವರೆಗೂ ಹೇಳಿಕೊಂಡು ತಿರುಗುತ್ತಿದ್ದರು.

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಯಾರಿಗೂ ಗೊತ್ತಿರದ ಹೃದಯದ ದೋಷವೊಂದು ಅವನನ್ನು ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ನಿದ್ದೆಯಲ್ಲೇ ಕೊಂಡೊಯ್ದಿತ್ತು. ಊರೆಲ್ಲ ಅವನ ಸಿನಿಮಾ ನೋಡಿತ್ತು. ಒಂದನ್ನೂ ನೋಡದವನು ಅವನ ಅಪ್ಪ ಮಾತ್ರ. ಇದೂ ಊರಿಗೆಲ್ಲ ಗೊತ್ತಿತ್ತು.

*

ತಾಯಿ ತೀರಿಕೊಂಡ ವರ್ಷ ರೂಬೆನ್‌ಗೆ ಒಂಬತ್ತು. ಮನೆಯಲ್ಲಿ ಒಬ್ಬನನ್ನೇ ಬಿಡಲಾರದೆ ಲೆನ್ ರಜೆಯಲ್ಲಿ ಅವನನ್ನೂ ಏಡಿಯ ಬಲೆಬುಟ್ಟಿಗಳ ಜೊತೆ ದೋಣಿಗೆ ಹತ್ತಿಸಿಕೊಂಡ. ಒಂದು ಬೆಳಿಗ್ಗೆ ಸಮುದ್ರದ ಮೇಲೆ ಮಂಜು ಬಂದು ಕೂತಿತು. ದೋಣಿಯ ಮೂತಿ ಕೂಡ ಕಾಣಿಸದಷ್ಟು ಮಂಜು.

ಲೆನ್ ಇಂಜಿನ್ ಆರಿಸಿದ. ಬೇರೆ ದೋಣಿ, ಹಡಗು ಹತ್ತಿರ ಬರುತ್ತಿದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಹಾಗೆ ಕೇಳಬೇಕಾದರೆ ನಮ್ಮ ಉಸಿರಿನ ಸದ್ದೂ ಇರಬಾರದು. ಅವನ ಅಪ್ಪ ಕಲಿಸಿದ್ದನ್ನೇ ಅವನೂ ಮಗನಿಗೆ ಕಲಿಸಿದ. ಉಸಿರು ಕಟ್ಟು, ಅಲುಗಾಡಬೇಡ, ನಾನು ದೋಣಿಯ ಹಲಗೆಗೆ ಎರಡು ಸಲ ತಟ್ಟಿದಾಗ ಉಸಿರು ಬಿಡು.

"ತಟ್ಟೋದನ್ನ ನೀನು ಮರೆತ್ರೆ?" ಎಂದು ಹುಡುಗ ಕೇಳಿದ.

"ಮರೆಯಲ್ಲ."

ಹುಡುಗ ದೋಣಿಯ ತಳದಲ್ಲಿ ಅಂಗಾತ ಮಲಗಿ ಕಣ್ಣು ಮುಚ್ಚಿದ. ಮುಖ ಬೀಟ್‌ರೂಟಿನಂತೆ ಕೆಂಪಾದರೂ ಮಿಸುಕಲಿಲ್ಲ. ಲೆನ್ ಟಕ್ ಟಕ್ ಎಂದು ತಟ್ಟಿದೊಡನೆ ಎದ್ದು ಕೂತು, ಬಾಯಿ ತುಂಬ ಗಾಳಿ ಎಳೆದುಕೊಂಡು ಹಲ್ಲು ಕಿಸಿದ. ಅಮ್ಮ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅವತ್ತು ಮಂಜು ಹರಿದ ಮೇಲೂ ಅಪ್ಪ ಮಗ ಸುಮ್ಮಸುಮ್ಮನೆ ಅದೇ ಆಟ ಆಡಿದರು.

*

ಸಮಾಧಿಯ ಬಳಿ ಪಾದ್ರಿ ಪ್ರಾರ್ಥನೆ ಮುಗಿಸುವ ಹೊತ್ತಿಗೆ ಲಂಡನ್ನಿನಿಂದ ಒಂದು ಬಸ್ಸು ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂತು. ಅದರಿಂದ ಸಿನಿಮಾದವರು ಇಳಿದರು. ಹಳದಿ ಕೋಟು, ನೇರಳೆ ಟೋಪಿ, ಒಬ್ಬನ ಕಾಲಿಗೆ ಕೆಂಪು ಬೂಟು. ಕಪ್ಪು ಬಟ್ಟೆಯ ಊರವರ ನಡುವೆ ಅವರು ಗಿಳಿಗಳ ಹಿಂಡಿನಂತೆ ನಿಂತರು. ನಾನು ಸತ್ತರೆ ಬಣ್ಣದ ಬಟ್ಟೆ ಹಾಕಿಕೊಂಡು ಬನ್ನಿ ಎಂದು ರೂಬೆನ್‌ನೇ ಯಾವಾಗಲೋ ತಮಾಷೆಗೆ ಹೇಳಿದ್ದನಂತೆ.

"ನೋಡು, ಅವ್ರಿಗೆ ನೀನೇ ಚಹಾಕ್ಕೆ ಬನ್ನಿ ಅನ್ಬೇಕು," ಎಂದು ಲೆನ್‌ನ ತಂಗಿ ಮಾರ್ಜಿ ಅವನ ತೋಳು ತಿವಿದಳು. ಬಂದರಿನಲ್ಲಿ ಮೀನು ಮತ್ತು ಚಿಪ್ಸ್ ಅಂಗಡಿ ಇಟ್ಟುಕೊಂಡಿರುವ ಹೆಂಗಸು. ಎಣ್ಣೆ ಕೊಪ್ಪರಿಗೆಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಪಿಸುಮಾತೂ ಹತ್ತು ಜನಕ್ಕೆ ಕೇಳುತ್ತಿತ್ತು.

"ನೀನೇ ಅನ್ನು," ಎಂದ ಲೆನ್.

"ಅಪ್ಪ ನೀನೋ ನಾನೋ?"

ಲೆನ್ ಬೂಟಿನ ಮಣ್ಣು ಒರೆಸುವ ನೆವದಲ್ಲಿ ಗೋಡೆಯ ಹಿಂದೆ ಸರಿದ. ಅವರು ಎದುರಾಗುವುದೇ ಅವನಿಗೆ ಬೇಡವಾಗಿತ್ತು. ಅವರಲ್ಲಿ ಯಾರಾದರೂ, ನೀವು ಅವನ ಯಾವ ಸಿನಿಮಾ ನೋಡಿದ್ದೀರಿ ಎಂದು ಕೇಳಿದರೆ? ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ನಮ್ಮಪ್ಪನಿಗೆ ನನ್ನ ಕೆಲಸ ಅಂದರೆ ನಾಚಿಕೆ ಎಂದು ಮಗ ಅವರ ಹತ್ತಿರ ಹೇಳಿಕೊಂಡಿದ್ದರೆ? ಹಾಗೆ ತಿಳಿದುಕೊಂಡೇ ಹುಡುಗ ಕಣ್ಣು ಮುಚ್ಚಿದ್ದರೆ, ಅದನ್ನು ತಿದ್ದಲು ಇನ್ನು ಯಾರ ಹತ್ತಿರ ಹೋಗುವುದು? ಸುದ್ದಿ ಬಂದ ದಿನದಿಂದ ಲೆನ್‌ಗೆ ಕೂಳು ಇಳಿಯದಂತೆ ಮಾಡಿದ್ದು ಇದೇ.

*

ರೂಬೆನ್ ಮೊದಲ ಸಲ ಟೀವಿಯಲ್ಲಿ ಬಂದ ದಿನ ಮಾರ್ಜಿ ಅಂಗಡಿ ಬೇಗ ಮುಚ್ಚಿ ಮಹಡಿಯ ಮೇಲೆ ಎಲ್ಲರನ್ನೂ ಕೂರಿಸಿದ್ದಳು. ರೂಬೆನ್ ಅಪ್ಪನ ಪಕ್ಕದಲ್ಲೇ ಕೂತಿದ್ದ. ಪರದೆಯ ಮೇಲೆ ಮುಳುಗಿ ಸತ್ತ ನಾವಿಕನೊಬ್ಬನನ್ನು ಅಲೆಯಿಂದ ಎಳೆದು ಹಾಕಿದರು. ಮುಖ ಈಚೆ ತಿರುಗಿಸಿದರೆ ಅದು ರೂಬೆನ್. ಹಣೆಗೆ ಅಂಟಿದ ಒದ್ದೆ ಕೂದಲು, ನೀಲಿ ತುಟಿ. ಲೆನ್‌ನ ಅಣ್ಣನನ್ನು ಸಮುದ್ರ ವಾಪಸ್ಸು ಕೊಟ್ಟಿದ್ದು ಹಾಗೇ. ಪಕ್ಕದಲ್ಲಿ ಮಗನ ಬೆಚ್ಚನೆಯ ತೋಳು ತಾಗುತ್ತಿದ್ದರೂ ಲೆನ್‌ಗೆ ಅಲ್ಲಿ ಕೂರಲಾಗಲಿಲ್ಲ. ಕೆಳಗಿಳಿದು ಆರಿದ ಕೊಪ್ಪರಿಗೆಯ ಮುಂದೆ ನಿಂತುಕೊಂಡ.

ರೂಬೆನ್ ಹಿಂದೆಯೇ ಬಂದ. "ಹೇಗಿತ್ತಪ್ಪಾ?"

ಲೆನ್ ಮಗನ ಮುಖ ನೋಡದೆ ಕೊಪ್ಪರಿಗೆಯ ಅಂಚು ಒರೆಸಿದ. "ಒಳ್ಳೇ ಕಸುಬು ಹಿಡಿದೆ ಬಿಡು. ನಾವು ದುಡಿಯೋಕೆ ಏಳ್ಬೇಕು, ನೀನು ದುಡಿಯೋಕೆ ಮಲಗ್ಬೇಕು."

ರೂಬೆನ್ ಜೋರಾಗಿ ನಕ್ಕ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಅವನು ಟಿಕೆಟ್ ಕಳಿಸಿದಾಗಲೆಲ್ಲ ಲೆನ್‌ಗೆ ಒಂದೋ ಅಲೆ ಅಡ್ಡ ಬರುತ್ತಿತ್ತು, ಇಲ್ಲವೇ ಇಂಜಿನ್ ಕೆಡುತ್ತಿತ್ತು. ನೀನು ಸಾಯೋದನ್ನ ನನ್ನ ಕಣ್ಣಲ್ಲಿ ನೋಡೋಕಾಗಲ್ಲ ಮಗನೇ ಎಂಬ ಒಂದೇ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ.

*

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಪೈ, ಹಣ್ಣಿನ ಕೇಕು ಹರಡಿತ್ತು. ಗಿಳಿ ಹಿಂಡು ಆಗಲೇ ಊರವರೊಳಗೆ ಬೆರೆತಿತ್ತು. ಕೆಂಪು ಬೂಟಿನವನಿಗೆ ಸ್ಟ್ಯಾನ್ ಏಡಿ ಹಿಡಿಯುವುದನ್ನು ಹೇಳಿಕೊಡುತ್ತಿದ್ದ. ನೇರಳೆ ಟೋಪಿಯವಳು, ಒಂದು ಚಿತ್ರೀಕರಣದಲ್ಲಿ ವಿಧವೆಯ ಪಾತ್ರದವಳು ಎದೆ ಬಡಿದುಕೊಂಡು ಅಳುತ್ತಿದ್ದಾಗ ರೂಬೆನ್ ನಿಜವಾಗಿಯೂ ನಿದ್ದೆ ಹೋಗಿ ಗೊರಕೆ ಹೊಡೆದದ್ದನ್ನು ಗೊರಕೆಯ ಸಮೇತ ಅಭಿನಯಿಸಿ ತೋರಿಸಿದಳು. ಪಾದ್ರಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು.

ಮೂಲೆಯ ಮೇಜಿನಲ್ಲಿ ಕೂತಿದ್ದ ಲೆನ್‌ನ ಹತ್ತಿರ ಹಳದಿ ಕೋಟಿನ, ನರೆಗೂದಲ ಹೆಂಗಸೊಬ್ಬಳು ಬಂದಳು. ಹೆಸರು ಗ್ವೆನ್, ಕ್ಯಾಮೆರಾ ಕೆಲಸ ಎಂದು ಹೇಳಿಕೊಂಡಳು.

"ಲೆನ್ ಅಲ್ವಾ? ದುಡಿಯೋಕೆ ಏಳೋರು?"

ಲೆನ್ ಕೈಯಲ್ಲಿದ್ದ ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟ.

"ಪ್ರತಿ ಸಲ ಮಲಗೋ ಮುಂಚೆ ಕೈ ಉಜ್ಜಿಕೊಂಡು ಹೇಳೋನು, 'ನಮ್ಮಪ್ಪ ದುಡಿಯೋಕೆ ಏಳ್ತಾನೆ, ನಾನು ದುಡಿಯೋಕೆ ಮಲಗ್ತೀನಿ' ಅಂತ. ಆಮೇಲೇನೇ ಅವನು ಸಾಯ್ತಿದ್ದಿದ್ದು. ಈಗ ನಮ್ಮಲ್ಲಿ ಎಲ್ರೂ ಅದನ್ನೇ ಹೇಳ್ತಾರೆ, ಲೈಟಿನವರೂ ಸಹ."

"ನಾನು ಅವನ ಒಂದು ಸಿನಿಮಾನೂ ನೋಡ್ಲಿಲ್ಲ," ಎಂದ ಲೆನ್. ಹೇಳಬಾರದೆಂದುಕೊಂಡದ್ದೇ ಮೊದಲು ಬಾಯಿಗೆ ಬಂತು.

"ಗೊತ್ತು. ಮೊದಲ ವಾರಾನೇ ಹೇಳಿದ್ದ. 'ನಾನು ಸಾಯೋದು ಅಪ್ಪನ ಕೈಲಿ ನೋಡೋಕಾಗಲ್ಲ ಗ್ವೆನ್. ಸೀನ್ ಮುಗಿದ್ರೂ ಕ್ಯಾಮೆರಾ ನಿಲ್ಲಿಸಬೇಡ. ನಾನು ಏಳೋದನ್ನೂ ತೆಗಿ. ಅಷ್ಟನ್ನೇ ಒಟ್ಟು ಮಾಡಿ ತೋರಿಸ್ತೀನಿ' ಅಂತ. ಈ ಕ್ರಿಸ್‌ಮಸ್‌ಗೆ ತರೋನಿದ್ದ." ಅವಳು ಚೀಲದಿಂದ ಸಣ್ಣ ಪ್ರೊಜೆಕ್ಟರ್ ತೆಗೆದು ಮೇಜಿನ ಮೇಲಿಟ್ಟಳು. "ಅವನದ್ದೊಂದು ಹುಚ್ಚು ಇತ್ತು. ಬೇರೆಯವರು 'ಕಟ್' ಅಂದ್ರೆ ಏಳ್ತಾರೆ. ಈ ಮಹರಾಯ ಏಳ್ತಿರಲಿಲ್ಲ. ನಾನು ಕ್ಯಾಮೆರಾ ಪೆಟ್ಟಿಗೆ ಮೇಲೆ ಎರಡು ಸಲ ತಟ್ಬೇಕು. ಯಾಕೆ ಅಂತ ಕೇಳಿದ್ರೆ ಬರೀ ನಗ್ತಿದ್ದ."

ಇಷ್ಟು ದಿನ ಲೆನ್‌ನ ಎದೆಯ ಮೇಲೆ ಕೂತಿದ್ದ ಭಾರ ಎದ್ದು ಹೋಗಿ, ಆ ಜಾಗದಲ್ಲಿ ಎಂಥದೋ ಸಂತೋಷ ತುಂಬಿಕೊಂಡಿತು. ಹುಡುಗನಿಗೆ ಗೊತ್ತಿತ್ತು. ಅವನಿಗೆ ಎಲ್ಲ ಗೊತ್ತಿತ್ತು.

ಮಾರ್ಜಿ ಕಿಟಕಿಯ ಪರದೆ ಎಳೆದು ಕತ್ತಲು ಮಾಡಿದಳು. ಸುಣ್ಣದ ಗೋಡೆಯ ಮೇಲೆ ರೂಬೆನ್ ಸತ್ತು ಬಿದ್ದಿದ್ದ. ಟಕ್ ಟಕ್. ಕೆಸರಿನಿಂದ ಎದ್ದು ಬಾಯಿಯ ಹುಲ್ಲು ಉಗುಳಿದ. ಟಕ್ ಟಕ್. ಶವಾಗಾರದ ಮೇಜಿನಿಂದ ಎದ್ದು, ಚಳಿಗೆ ನಡುಗುತ್ತ, ಬಿಸಿ ಚಹಾ ಇದೆಯಾ ಎಂದು ವೈದ್ಯರನ್ನು ಕೇಳಿದ. ಎದೆಯಲ್ಲಿ ಕತ್ತಿ ಸಿಕ್ಕಿಸಿಕೊಂಡೇ ಎದ್ದು ಅದಕ್ಕೆ ಟೋಪಿ ನೇತುಹಾಕಿದ. ಪ್ರತಿ ಸಲ ಅವನು ಎದ್ದಾಗಲೂ ಸಭಾಂಗಣ ಹೋ ಎಂದಿತು. ಸ್ಟ್ಯಾನ್ ಹೊಟ್ಟೆ ಹಿಡಿದುಕೊಂಡು, "ಸಾಕು ಮಾರಾಯ, ಸಾಯಿಸ್ತೀಯಾ ನಮ್ಮನ್ನ," ಎಂದ. ಲೆನ್‌ನ ಗಡ್ಡದ ಮೇಲೆ ನೀರಿಳಿಯುತ್ತಿತ್ತು, ಅವನೂ ನಗುತ್ತಿದ್ದ.

"ಇದೇ ಕೊನೇದು," ಎಂದಳು ಗ್ವೆನ್. "ಇನ್ನೊಂದು ದೋಣಿಯಿಂದ ತೆಗೆದಿದ್ದು. ಇದ್ರಲ್ಲಿ ಸದ್ದು ಇಲ್ಲ."

ಗೋಡೆಯ ತುಂಬ ಮಂಜು. ಮಂಜಿನಲ್ಲಿ ತೇಲುವ ಒಂದು ದೋಣಿ. ಅದರ ತಳದಲ್ಲಿ ರೂಬೆನ್ ಅಂಗಾತ ಮಲಗಿದ್ದ, ಕಣ್ಣು ಮುಚ್ಚಿತ್ತು, ಹಣೆಗೆ ಒದ್ದೆ ಕೂದಲು ಅಂಟಿತ್ತು. ಲೆನ್ ಈ ಸಲ ಎದ್ದು ಹೋಗಲಿಲ್ಲ. ಹುಡುಗ ಮಿಸುಕಲಿಲ್ಲ. ನಗು ಒಂದೊಂದಾಗಿ ಆರಿತು. ಸ್ಟ್ಯಾನ್‌ನ ಸ್ಯಾಂಡ್‌ವಿಚ್ ಬಾಯಿಯ ಹತ್ತಿರವೇ ನಿಂತಿತು. ಯಾರೋ ಸೊರ್ರನೆ ಮೂಗು ಎಳೆದುಕೊಂಡರು. ಹುಡುಗ ಇನ್ನೂ ಮಿಸುಕಲಿಲ್ಲ.

ತಾನೂ ಉಸಿರು ಕಟ್ಟಿ ಕೂತಿದ್ದು ಲೆನ್‌ಗೆ ಆಗ ತಿಳಿಯಿತು. ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿ, ಮಡಚಿದ ಬೆರಳಿನ ಗೆಣ್ಣಿನಿಂದ ಮೇಜಿನ ಹಲಗೆಗೆ ತಟ್ಟಿದ. ಟಕ್ ಟಕ್.

ಗೋಡೆಯ ಮೇಲೆ ರೂಬೆನ್ ಎದ್ದು ಕೂತು, ಬಾಯಿ ತುಂಬ ಗಾಳಿ ಎಳೆದುಕೊಂಡು ಹಲ್ಲು ಕಿಸಿದ.